ದಿನಕ್ಕೆ ನಾಲ್ಕು ಸಾಲು

(ಬೇಲಾಪುರದಲ್ಲಿ ಸೇರಿದ್ದ ಸಂಘದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ಹವಾಮಾನದಿಂದ ಹಿಡಿದು ರಾಜಕಾರಣದವರೆಗೆ ಯಾವ ವಿಷಯದ ಮೇಲಾದರೂ ಮಾತನಾಡಬಹುದೆಂದು ಸಂಘದ ಕಾರ್ಯದರ್ಶಿಗಳು ನನಗೆ ಸ್ವಾತಂತ್ರ್ಯ ಕೊಟ್ಟಿದ್ದಾರೆ. ಆದರೆ ಹೋಟೆಲಿನಲ್ಲಿ ದುಡಿಯುವವರಿಗೆ ಮಧ್ಯಾಹ್ನ ಸಿಗುವ ಎರಡು ಗಂಟೆಯ ಬಿಡುವು ಎಷ್ಟು ಬೆಲೆಯುಳ್ಳದ್ದೆಂದು ನಾನು ಬಲ್ಲೆ. ಆ ನಿದ್ದೆಯನ್ನು ಬಿಟ್ಟು ಬಂದವರ ಮುಂದೆ ಬರಿಯ ಉಪದೇಶ ಮಾಡುವುದು ಪಾಪದ ಕೆಲಸ. ಆದುದರಿಂದ ತಮಗೆ ಉಪಯೋಗಕ್ಕೆ ಬರುವ ಒಂದೇ ಮಾತನ್ನು ಹೇಳುತ್ತೇನೆ. ದಿನಕ್ಕೆ ನಾಲ್ಕು ಸಾಲು ಬರೆದಿಡಿ. ತಾರೀಖು ಹಾಕಿ ಬರೆದಿಡಿ.

"ನಾವೇನು ಸಾಹಿತಿಗಳೇ?" ಎಂದು ಹಿಂದಿನ ಸಾಲಿನಲ್ಲಿ ಯಾರೋ ಅಂದದ್ದು ಕೇಳಿಸಿತು. ಹಾಗೆ ನೋಡಿದರೆ ಈ ಮುಂಬಯಿಯ ಕನ್ನಡ ಸಾಹಿತಿಗಳೂ ಹೊಟ್ಟೆಪಾಡಿನ ಕೆಲಸ ಮುಗಿಸಿಕೊಂಡೇ ಬರೆದವರು. ಹನೇಹಳ್ಳಿಯಿಂದ ಬಂದ ಯಶವಂತ ಚಿತ್ತಾಲರು ಕಂಪನಿಯ ನೌಕರಿಯಲ್ಲಿದ್ದುಕೊಂಡೇ 'ಶಿಕಾರಿ' ಬರೆದರು. ಅದು 1979ರಲ್ಲಿ ಹೊರಬಂತು. ಉಡುಪಿಯಿಂದ ಬಂದ ವ್ಯಾಸರಾಯ ಬಲ್ಲಾಳರು ಕಾರ್ಮಿಕರ ಹೋರಾಟವನ್ನೇ ವಸ್ತುವಾಗಿಟ್ಟುಕೊಂಡು ಬರೆದ 'ಬಂಡಾಯ'ಕ್ಕೆ 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಅದಿರಲಿ. ನಾನು ಹೇಳುವ ಬರವಣಿಗೆಗೆ ಪ್ರಶಸ್ತಿ ಇಲ್ಲ. ಮಳೆಯದೊಂದು ಸಾಲು, ಕೆಲಸದ್ದೊಂದು, ಮನೆಯದೊಂದು, ಲೋಕದ್ದೊಂದು, ಇಷ್ಟೇ.

ಮೊದಲು ಮಳೆಯ ಮಾತು. ಊರಿಗೆ ಫೋನು ಮಾಡಿದರೆ ನಾವು ಕೇಳುವುದೂ, ಅವರು ಕೇಳುವುದೂ ಅದನ್ನೇ: ಮಳೆ ಬಂತೋ? ವಾಡಿಕೆಯಂತೆ ಮುಂಗಾರು ಕೇರಳಕ್ಕೆ ಜೂನ್ 1ಕ್ಕೆ, ಮುಂಬಯಿಗೆ ಜೂನ್ 11ರ ಸುಮಾರಿಗೆ ಬರಬೇಕು. ನಮ್ಮ ಕರಾವಳಿ ಇವೆರಡರ ನಡುವೆ. ಅಂದರೆ ಅಮ್ಮನ ಅಂಗಳದಲ್ಲಿ ಬಿದ್ದ ಮಳೆ ಕೊಂಕಣದ ಗುಡ್ಡಗಳನ್ನು ಹಾದು ಇಲ್ಲಿನ ಪಾರ್ಸಿಕ್ ಗುಡ್ಡಕ್ಕೆ ಬರಲು ಕೆಲವು ದಿನ ಹಿಡಿಯುತ್ತದೆ. ಇಲ್ಲಿ ಮಳೆ ಹಿಡಿಯಿತೆಂದರೆ ಚಹಾಕ್ಕೂ ಭಜಿಗೂ ಗಿರಾಕಿ ಹೆಚ್ಚು. ಮೋರಿಯ ಹತ್ತಿರ ಕಪ್ಪು ಬಸಿ ತೊಳೆಯುವ ಹುಡುಗನ ಕಾಲ್ಬೆರಳ ಸಂದಿಗಳಲ್ಲಿ ಹುಣ್ಣು. ಊರಿನ ಗಾಡಿಗಳೂ ನಿಧಾನ. ಕೊಂಕಣ ರೈಲ್ವೆಯ ದೊಡ್ಡ ಕಚೇರಿ ನಮ್ಮ ಬೇಲಾಪುರದಲ್ಲೇ ಇದೆ; 1998ರ ಜನವರಿ 26ರಿಂದ ಆ ದಾರಿ ಪೂರ್ತಿ ತೆರೆದು ನಮಗೆ ಊರು ಹತ್ತಿರವಾಯಿತು. ಆದರೂ ಮಳೆಗಾಲಕ್ಕೆ ಅವರದು ಬೇರೆಯೇ ವೇಳಾಪಟ್ಟಿ.

ಇದನ್ನೆಲ್ಲ ಬರೆದು ಏನು ಪ್ರಯೋಜನ? 2005ರ ಜುಲೈ 26ನ್ನು ಜ್ಞಾಪಿಸಿಕೊಳ್ಳಿ. ಸಾಂತಾಕ್ರೂಜ್‌ನಲ್ಲಿ ಇಪ್ಪತ್ತನಾಲ್ಕು ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿದ ದಿನ. ಆ ರಾತ್ರಿ ಎಲ್ಲಿದ್ದಿರಿ, ಎಷ್ಟು ಮೈಲಿ ನಡೆದಿರಿ, ಯಾರು ಬಿಸ್ಕೀಟು ಕೊಟ್ಟರು, ಎಲ್ಲವನ್ನೂ ಹಿರಿಯರಾದವರು ಇಂದಿಗೂ ಹೇಳಬಲ್ಲರು. ಆದರೆ ಅದೇ ಜುಲೈ ತಿಂಗಳಲ್ಲಿ ಎಷ್ಟು ಪಗಾರ ಕೈಗೆ ಬಂತು, ಮುಂಗಡದಲ್ಲಿ ಎಷ್ಟು ಮುರಿದುಕೊಂಡರು ಎಂದು ಕೇಳಿದರೆ ಒಬ್ಬರೂ ಹೇಳಲಾರರು. ಪ್ರಳಯ ನೆನಪಿನಲ್ಲಿ ಉಳಿಯುತ್ತದೆ, ಪಗಾರ ಉಳಿಯುವುದಿಲ್ಲ.

ಇನ್ನೊಂದು ಕಾರಣವೂ ಉಂಟು. ಬರಿಯ ಲೆಕ್ಕದ ಪುಸ್ತಕವನ್ನು ತೋರಿಸಿದರೆ, "ಇದನ್ನು ನೀನು ನಿನ್ನೆ ರಾತ್ರಿ ಕೂತು ಬರೆದದ್ದು" ಎಂದು ಎದುರಿನವರು ಹೇಳಬಹುದು. ಆದರೆ ಲೆಕ್ಕದ ಪಕ್ಕದಲ್ಲಿ "ಇಂದು ಜೋರು ಮಳೆ, ಹಾರ್ಬರ್ ಗಾಡಿ ನಿಂತಿತು, ರಾತ್ರಿಯವನು ಬರಲಿಲ್ಲ, ಅವನ ಪಾಳಿಯನ್ನೂ ನಾನೇ ಮಾಡಿದೆ" ಎಂದು ಬರೆದಿದ್ದರೆ ಆ ಮಾತಿಗೆ ತೂಕ ಬೇರೆ. ಆ ದಿನದ ಮಳೆಯ ಲೆಕ್ಕ ಹವಾಮಾನ ಇಲಾಖೆಯ ಹತ್ತಿರವೂ ಇರುತ್ತದೆಯಲ್ಲ! ಆಕಾಶವೇ ನಿಮ್ಮ ಪರವಾಗಿ ಸಾಕ್ಷಿ ಹೇಳಿದ ಹಾಗೆ.

ಎರಡನೆಯದು ಕೆಲಸದ ಸಾಲು. ಎಷ್ಟು ಗಂಟೆಗೆ ಕೆಲಸಕ್ಕೆ ಇಳಿದಿರಿ, ಎಷ್ಟು ಗಂಟೆಗೆ ಬಿಟ್ಟಿರಿ, ಏನು ಬಂತು, ಏನು ಬಾಕಿ. ಇದನ್ನು ಮಾಲಕರ ಮೇಲಿನ ದ್ವೇಷದಿಂದ ಹೇಳುತ್ತಿದ್ದೇನೆಂದು ತಿಳಿಯಬೇಡಿ. ನಮ್ಮ ಹೋಟೆಲು ಮಾಲಕರಲ್ಲಿ ಅನೇಕರು ಮೇಜು ಒರೆಸುತ್ತಲೇ ಗಲ್ಲೆಯ ಮೇಲೆ ಕುಳಿತವರು. ಕಷ್ಟಕ್ಕೆ ಕೈ ಕೊಡುವವರೂ ಇದ್ದಾರೆ. ಆದರೆ ಬಾಯಿಮಾತಿನ ಲೆಕ್ಕ ಒಳ್ಳೆಯ ಮಾಲಕನ ಕಾಲಕ್ಕೆ ನಡೆದೀತು. ಹೋಟೆಲು ಕೈ ಬದಲಾಯಿಸಿತೆಂದರೆ, "ನನಗೆ ಹಿಂದಿನವರ ಲೆಕ್ಕ ಗೊತ್ತಿಲ್ಲ" ಎಂದು ಹೊಸಬರು ಹೇಳುತ್ತಾರೆ. ಅವರಿಗೂ ಗೊತ್ತಿಲ್ಲದಿರುವುದು ನಿಜವೇ.

ಕಾನೂನಿನ ಮಾತು ಸ್ವಲ್ಪ ಕೇಳಿ. 2019 ಮತ್ತು 2020ರಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಕೇಂದ್ರ ಸರಕಾರ 2025ರ ನವೆಂಬರ್ 21ರಿಂದ ಜಾರಿಗೆ ತಂದಿದೆ. ಅವು ಒಳ್ಳೆಯವೋ ಕೆಟ್ಟವೋ ಎಂದು ಯೂನಿಯನ್ನುಗಳಲ್ಲಿ ದೊಡ್ಡ ವಾದವಿದೆ. ಮುಷ್ಕರದ ಹಕ್ಕನ್ನು ಬಿಗಿಗೊಳಿಸಿದ್ದು ನನಗೂ ಸರಿಕಾಣುವುದಿಲ್ಲ. ಆದರೆ ಅದರಲ್ಲಿ ನಮಗೆ ಬೇಕಾದ ಕೆಲವು ಮಾತುಗಳೂ ಇವೆ. ಕೆಲಸಕ್ಕೆ ಸೇರಿದವನಿಗೆ ನೇಮಕದ ಪತ್ರ ಕೊಡಬೇಕು. ಪಗಾರದ ಚೀಟಿ ಕೊಡಬೇಕು. ಹೆಚ್ಚಿನ ಹೊತ್ತಿನ ದುಡಿಮೆಗೆ ಕಡಿಮೆಯೆಂದರೆ ಇಮ್ಮಡಿ ದರ ಕೊಡಬೇಕು. ಬಾಕಿಗಾಗಿ ಅರ್ಜಿ ಹಾಕಲು ಮೂರು ವರ್ಷಗಳ ಅವಧಿ ಇದೆ, ಮತ್ತು ಬಾಕಿ ಕೊಟ್ಟಿದ್ದೇನೆಂದು ರುಜುವಾತು ಮಾಡುವ ಹೊಣೆ ಮಾಲಕನದು. ಎಷ್ಟು ಚೆನ್ನಾಗಿದೆ! ಆದರೆ ನೀನು ಅವನಲ್ಲಿ ಕೆಲಸ ಮಾಡಿದ್ದೇ ಸುಳ್ಳು ಎಂದು ಅವನು ಹೇಳಿಬಿಟ್ಟರೆ? ನೇಮಕದ ಪತ್ರವೂ ಇಲ್ಲ, ಚೀಟಿಯೂ ಇಲ್ಲ, ಪಗಾರ ರೊಕ್ಕದಲ್ಲಿ. ಆಗ ಮೂರು ವರ್ಷದ ಹಿಂದಿನ ಮಾತನ್ನು ಹೇಳಲು ನಿಮ್ಮ ಪುಸ್ತಕವಲ್ಲದೆ ಬೇರೆ ಯಾರಿದ್ದಾರೆ?

ಗ್ರಾಚುಯಿಟಿಯ ವಿಷಯವೂ ಹೀಗೆಯೇ. ಹತ್ತು ಮಂದಿ ಅಥವಾ ಹೆಚ್ಚು ಜನ ದುಡಿಯುವಲ್ಲಿ ಐದು ವರ್ಷ ಬಿಡದೆ ಕೆಲಸ ಮಾಡಿದವನಿಗೆ ವರ್ಷಕ್ಕೆ ಹದಿನೈದು ದಿನದ ಪಗಾರದಂತೆ ಗ್ರಾಚುಯಿಟಿ ಸಲ್ಲಬೇಕು. "ನೀನು ವರ್ಷಾ ವರ್ಷ ಊರಿಗೆ ಹೋಗುತ್ತೀ, ನಿನ್ನದು ಬಿಡದೆ ಮಾಡಿದ ಕೆಲಸ ಹೇಗಾದೀತು?" ಎಂದು ನಮ್ಮ ಹುಡುಗರ ಬಾಯಿ ಮುಚ್ಚಿಸುವುದುಂಟು. ಕೋಲಕ್ಕೆ, ಜಾತ್ರೆಗೆ, ನಾಟಿಗೆ, ತಂಗಿಯ ಮದುವೆಗೆ ನಾವು ಊರಿಗೆ ಹೋಗುವವರೇ. ಆದರೆ ವರ್ಷದಲ್ಲಿ 240 ದಿನ ದುಡಿದಿದ್ದರೆ ಆ ವರ್ಷವನ್ನು ಬಿಡದೆ ದುಡಿದ ವರ್ಷವೆಂದೇ ಕಾನೂನು ಎಣಿಸುತ್ತದೆ. ಹೋದ ದಿನ, ತಿರುಗಿ ಬಂದ ದಿನ, ಇವೆರಡನ್ನು ಬರೆದಿಟ್ಟವನು ಬೆರಳು ಮಡಚಿ ಎಣಿಸಿ ತೋರಿಸಬಲ್ಲ.

ಈಗ ಗಿರಣಿಯವರ ಕಡೆ ಬರುತ್ತೇನೆ. ಈ ಸಭೆಯಲ್ಲಿ ಗಿರಣಿಯವರ ಮಕ್ಕಳೂ ಸೊಸೆಯಂದಿರೂ ಇದ್ದೀರಿ. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳುತನದಲ್ಲಿ ಮುಷ್ಕರ ಆರಂಭವಾಯಿತು. ಎರಡೂವರೆ ಲಕ್ಷದಷ್ಟು ಕೆಲಸಗಾರರು ಹೊರಗೆ ಬಂದರು. ಅನಂತರ ಒಂದೊಂದಾಗಿ ಗಿರಣಿಗಳು ಮುಚ್ಚಿದವು. ಪರೇಲು ಲಾಲಬಾಗಿನ ಭೋಂಗಾ ನಿಂತಿತು. ಚಿಮಣಿಗಳಿದ್ದಲ್ಲಿ ಗಾಜಿನ ಗೋಪುರಗಳು ಎದ್ದವು. ಆ ನೆಲದ ಒಂದು ಪಾಲಿನಲ್ಲಿ ಕೆಲಸಗಾರರಿಗೂ ಮನೆ ಆಗಬೇಕೆಂದು ಬಹುಕಾಲ ಹೋರಾಟ ನಡೆದ ಮೇಲೆ 2012ರಲ್ಲಿ ಮ್ಹಾಡಾ 6,925 ಮನೆಗಳಿಗೆ ಚೀಟಿ ಎತ್ತಿತು. 2016ರಲ್ಲಿ ಮತ್ತೆ ಎತ್ತಿದಾಗ ನಮ್ಮ ಪಕ್ಕದ ಪನವೇಲಿನ ಕೋನದ ಮನೆಗಳೂ ಸೇರಿದ್ದವು. ಅವುಗಳ ಕೀಲಿಕೈಗೆ ಜನರು ವರ್ಷಗಟ್ಟಲೆ ಕಾದರು. ಅರ್ಜಿ ಹಾಕಿದವರೋ ಒಂದೂ ಮುಕ್ಕಾಲು ಲಕ್ಷದಷ್ಟು ಮಂದಿ.

ಯಾರಿಗೆ ಅರ್ಹತೆ? 1982ರ ಜನವರಿ 1ರಂದು ಅಥವಾ ಆಮೇಲೆ ಗಿರಣಿಯ ಪಟ್ಟಿಯಲ್ಲಿ ಹೆಸರಿದ್ದವರಿಗೆ, ಇಲ್ಲವೆ ಅವರ ವಾರಸುದಾರರಿಗೆ. ಅದಕ್ಕೆ ಪುರಾವೆ? ಗಿರಣಿಯ ಗುರುತಿನ ಚೀಟಿ, ಟಿಕೇಟು ನಂಬರು, ಈ.ಎಸ್.ಐ. ನಂಬರು, ಪ್ರಾವಿಡೆಂಟ್ ಫಂಡಿನ ಕಾಗದ, ಪಗಾರದ ಚೀಟಿ, ಇಂಥವು. ಗಿರಣಿ ಇಲ್ಲ, ಟೈಮ್ ಕೀಪರ್ ಇಲ್ಲ, ಜಾಬರನೂ ಇಲ್ಲ. ಕಾಗದ ಮಾತ್ರ ಇರಬೇಕು!

ನನಗೆ ಗೊತ್ತಿದ್ದ ಎರಡು ಸಂಸಾರಗಳು ಒಂದೇ ಚಾಳಿನಲ್ಲಿ ಅಕ್ಕಪಕ್ಕದ ಖೋಲಿಗಳಲ್ಲಿದ್ದವು. ಇಬ್ಬರು ಯಜಮಾನರೂ ಒಂದೇ ಖಾತೆಯಲ್ಲಿ, ಒಂದೇ ಪಾಳಿಯಲ್ಲಿ ದುಡಿದವರು. ಒಬ್ಬರಿಗೆ ಓದು ಬರಹ ಅಷ್ಟಕ್ಕಷ್ಟೇ. ಆದರೆ ಒಂದು ಹಳೆಯ ಲೆಕ್ಕದ ಪುಸ್ತಕದಲ್ಲಿ ತಮ್ಮ ಟಿಕೇಟು ನಂಬರು, ಈ.ಎಸ್.ಐ. ನಂಬರು, ಪ್ರತಿ ತಿಂಗಳ ಪಗಾರ, ಊರಿಗೆ ಮನಿಯಾರ್ಡರು ಮಾಡಿದ ಮೊತ್ತ, ಇಷ್ಟನ್ನೂ ಡೊಂಕು ಅಕ್ಷರದಲ್ಲಿ ಬರೆದು ಬಿಸ್ಕೀಟಿನ ಡಬ್ಬಿಯಲ್ಲಿ ಇಟ್ಟಿದ್ದರು. ಇನ್ನೊಬ್ಬರು ರಾತ್ರಿ ಶಾಲೆಯಲ್ಲಿ ಕಲಿತವರು, ಒಳ್ಳೆಯ ಮಾತುಗಾರರು, ಗೇಟಿನ ಸಭೆಗಳಲ್ಲಿ ಭಾಷಣ ಮಾಡಿದವರು. ಡೊಂಬಿವಲಿಯ ಕಡೆ ಮನೆ ಬದಲಾಯಿಸುವಾಗ ಅವರ ಕಾಗದಗಳು ರದ್ದಿಯವನ ತಕ್ಕಡಿಗೆ ಹೋದವು. ಇಬ್ಬರೂ ತೀರಿಕೊಂಡ ಮೇಲೆ ಮೊದಲನೆಯವರ ಮಗಳು ಡಬ್ಬಿಯ ಪುಸ್ತಕ ನೋಡಿ, ಆ ನಂಬರು ಹಿಡಿದುಕೊಂಡು ಕಚೇರಿಗಳಿಗೆ ಹೋಗಿ, ಬೇಕಾದ ದಾಖಲೆ ಪಡೆದು ಅರ್ಜಿ ನಿಲ್ಲಿಸಿದಳು. ಎರಡನೆಯವರ ಮಗ ಯಾವ ಕಚೇರಿಗೆ ಹೋದರೂ "ನಂಬರು ಎಷ್ಟು?" ಎಂದು ಕೇಳಿದರು. ಅವನಿಗೆ ಅಪ್ಪನ ಭಾಷಣಗಳು ನೆನಪಿದ್ದವು, ನಂಬರು ನೆನಪಿರಲಿಲ್ಲ. ಆ ಮಗಳಿಗೂ ಮನೆ ಇನ್ನೂ ಸಿಕ್ಕಿಲ್ಲ. ಅವಳು ಸಾಲಿನಲ್ಲಿ ನಿಂತಿದ್ದಾಳೆ. ಅವನಿಗೆ ಸಾಲಿನಲ್ಲಿ ನಿಲ್ಲಲಿಕ್ಕೂ ಎಡೆ ಇಲ್ಲ.

ಮೂರನೆಯ ಸಾಲು ಮನೆಯದು. ಮನಿಯಾರ್ಡರಿನ ಕಾಲದಲ್ಲಿ ಫಾರಮಿನ ಕೆಳಗೆ ಎರಡು ಮಾತು ಬರೆಯಲು ಸ್ವಲ್ಪ ಜಾಗವಿರುತ್ತಿತ್ತು. "ನಾನು ಕ್ಷೇಮ. ಹಣವನ್ನು ಅಕ್ಕಿಗೆ, ಉಳಿದದ್ದನ್ನು ತಮ್ಮನ ಫೀಸಿಗೆ." ಆ ತುಂಡು ಕಾಗದಗಳನ್ನು ತಾಯಂದಿರು ದೇವರ ಕೋಣೆಯಲ್ಲಿ ಜೋಪಾನ ಮಾಡಿದರು. ಈಗ ಬೆರಳು ಒತ್ತಿದರೆ ಹಣ ಊರಿಗೆ ಹೋಗುತ್ತದೆ, ಫೋನಿನಲ್ಲಿ ಮುಖವೂ ಕಾಣುತ್ತದೆ. ಬಹಳ ಒಳ್ಳೆಯದು, ಹಳೆಯದೇ ಚೆನ್ನಾಗಿತ್ತೆಂದು ಹೇಳುವ ಜಾತಿಯವನು ನಾನಲ್ಲ. ಆದರೆ ಮಾತು ಗಾಳಿಯಲ್ಲಿ ಹೋಗುತ್ತದೆ. ಅಣ್ಣ ತಮ್ಮಂದಿರು ಪಾಲಾಗುವ ದಿನ "ಮನೆಗೆ ಹಂಚು ಹಾಕಿಸಿದ್ದು ಯಾರ ದುಡ್ಡಿನಿಂದ?" ಎಂಬ ಪ್ರಶ್ನೆ ಬಂದಾಗ, ಹದಿನೈದು ವರ್ಷ ಹಣ ಕಳಿಸಿದವನು ಅಂಗಳದಲ್ಲಿ ಅತಿಥಿಯಂತೆ ನಿಲ್ಲುವುದನ್ನು ನಾವೆಲ್ಲ ನೋಡಿದ್ದೇವೆ. ಸೋದರಿಯರೂ ಈ ಮಾತನ್ನು ಕೇಳಬೇಕು. ಮನೆಯಲ್ಲಿ ಕುಳಿತು ಡಬ್ಬದ ಊಟ ಮಾಡಿಕೊಡುವವರು, ನಾಲ್ಕು ಮನೆಯ ಕೆಲಸಕ್ಕೆ ಹೋಗುವವರು ತಮ್ಮ ದುಡಿಮೆಯನ್ನು ಗಂಡನ ಲೆಕ್ಕಕ್ಕೆ ಸೇರಿಸದೆ ಬೇರೆಯಾಗಿಯೇ ಬರೆಯಬೇಕು.

ನಾಲ್ಕನೆಯದು ಲೋಕದ ಸಾಲು. ಮೇಜಿನ ಮೇಲೆ ಚಹಾ ಇಡುವವನ ಕಿವಿಗೆ ಬೀಳದ ಸುದ್ದಿಯಿಲ್ಲ. ಇಲ್ಲಿ 2023ರಲ್ಲಿ ಬೇಲಾಪುರದಿಂದ ಪೆಂಧರಕ್ಕೆ ಮೆಟ್ರೊ ಓಡಿತು. 2025ರ ಅಕ್ಟೋಬರ್ 8ರಂದು ನವಿ ಮುಂಬಯಿಯ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಇಂಥ ಹೊತ್ತಿನಲ್ಲಿ ದೊಡ್ಡವರು ಆಡಿದ ಮಾತನ್ನು, ಎಷ್ಟು ಜನಕ್ಕೆ ಕೆಲಸ, ಯಾರಿಗೆ ಮನೆ ಎಂಬುದನ್ನು, ತಾರೀಖಿನ ಸಮೇತ ಬರೆದಿಡಿ. ಇಲ್ಲಿನ ಹಳ್ಳಿಯವರನ್ನು ನೋಡಿ. 1970ರಲ್ಲಿ ಸಿಡ್ಕೊ ಬಂದು 95 ಹಳ್ಳಿಗಳ ನೆಲ ಈ ಹೊಸ ನಗರಕ್ಕೆ ಹೋಯಿತು. 1984ರ ಜನವರಿಯಲ್ಲಿ ನ್ಯಾಯವಾದ ಬೆಲೆಗಾಗಿ ನಿಂತಾಗ ಗೋಲಿಬಾರಿನಲ್ಲಿ ಐವರು ಸತ್ತರು. ಅಷ್ಟಾದ ಮೇಲೆ ಅವರಿಗೆ ಬೆಳೆಸಿದ ಭೂಮಿಯಲ್ಲಿ ನೂರಕ್ಕೆ ಹನ್ನೆರಡೂವರೆ ಪಾಲು ಸಿಗುವ ಯೋಜನೆ ಬಂತು. ಕೊಟ್ಟ ಮಾತು ಯಾವುದು, ಯಾವಾಗ ಕೊಟ್ಟದ್ದು ಎಂದು ಅವರು ಮರೆಯಲಿಲ್ಲ.

ಇನ್ನು ಬರೆಯುವ ಕ್ರಮ. ಅರವತ್ತು ಪುಟದ ಪುಸ್ತಕ ಸಾಕು. ಪೆನ್ನಿನಿಂದ ಬರೆಯಿರಿ, ಪೆನ್ಸಿಲು ಬೇಡ. ಪುಟ ಹರಿಯಬೇಡಿ, ತಪ್ಪಿದ್ದರೆ ಒಂದು ಗೆರೆ ಎಳೆದು ಮುಂದೆ ಬರೆಯಿರಿ. ಎಂಟು ದಿನದ್ದನ್ನು ಒಟ್ಟಿಗೆ ಕೂತು ತುಂಬಿಸಿದರೆ ಅದು ಪುರಾಣವಾಗುತ್ತದೆ, ದಿನಚರಿಯಾಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, ಪುಸ್ತಕವನ್ನು ಹೋಟೆಲಿನ ಖೋಲಿಯಲ್ಲಿ ಇಡಬೇಡಿ. ನಮ್ಮ ಹುಡುಗರು ಮಲಗುವ ಖೋಲಿ ಮಾಲಕನದು. ಕೆಲಸ ಹೋದ ರಾತ್ರಿಯೇ ಖೋಲಿಯೂ ಹೋಗುತ್ತದೆ, ಟ್ರಂಕು ಒಳಗೆ ಉಳಿಯುತ್ತದೆ. ತಿಂಗಳಿಗೊಮ್ಮೆ ಪುಟಗಳ ಫೋಟೊ ತೆಗೆದು ಊರಿನಲ್ಲಿರುವ ಅಕ್ಕನಿಗೋ ಹೆಂಡತಿಗೋ ಕಳಿಸಿ.

ಭಾಷೆಯ ಚಿಂತೆ ಬೇಡ. ತುಳುವಿನಲ್ಲಿ ಯೋಚಿಸುವವರು ತುಳುವನ್ನೇ, ಕೊಂಕಣಿಯವರು ಕೊಂಕಣಿಯನ್ನೇ ಕನ್ನಡ ಅಕ್ಷರದಲ್ಲಿ ಬರೆಯಿರಿ. ಹಿಂದೆ ನಮ್ಮ ಸಂಘಗಳ ರಾತ್ರಿ ಶಾಲೆಗಳಲ್ಲಿ ಹಗಲು ಮೇಜು ಒರೆಸಿದ ಕೈಗಳೇ ಅ ಆ ಇ ಈ ತಿದ್ದಿದವು. ಇವತ್ತೂ ಬರೆಯಲು ಬಾರದವರು ನಮ್ಮಲ್ಲಿ ಇದ್ದರೆ ಅದರಲ್ಲಿ ನಾಚಿಕೆ ಏನಿಲ್ಲ. ಪಕ್ಕದ ಹಾಸಿಗೆಯವನಿಂದ ಬರೆಸಿ ಕೆಳಗೆ ಹೆಬ್ಬೆಟ್ಟು ಒತ್ತಿ. ಭಾನುವಾರ ಸಂಜೆ ಒಂದು ಗಂಟೆ ಇಲ್ಲಿ ಬಂದು ಕುಳಿತರೆ ಅಕ್ಷರ ಕಲಿಸಿಕೊಡಲು ನಾನೂ ಇನ್ನಿಬ್ಬರೂ ಒಪ್ಪಿದ್ದೇವೆ. ಬರುವವರು ತಮ್ಮ ಹೆಸರನ್ನು ಕಾರ್ಯದರ್ಶಿಗಳ ಹತ್ತಿರ ಕೊಡಿ. ಪುಸ್ತಕಗಳು ಬಾಗಿಲ ಬಳಿಯ ಮೇಜಿನ ಮೇಲಿವೆ.