ಕೊಳವೆಗೂ ಮನೆಗೂ ನಡುವೆ



ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬೆಲ್ಲಿಂಗ್‌ಹ್ಯಾಮ್ ಎಂಬ ಊರಿದೆ. 1999ರ ಜೂನ್ 10ರಂದು ಅಲ್ಲಿ ನೆಲದೊಳಗಿನ ಕೊಳವೆಯೊಂದು ಬಿರಿದು, ಸುಮಾರು 9 ಲಕ್ಷ ಲೀಟರು ಪೆಟ್ರೋಲು ಹೊಳೆಗೆ ಹರಿದು, ಬೆಂಕಿ ಹತ್ತಿತು. ಹತ್ತು ವರ್ಷದ ಇಬ್ಬರು ಬಾಲಕರೂ, ಮೀನು ಹಿಡಿಯುತ್ತಿದ್ದ ಹದಿನೆಂಟರ ತರುಣನೊಬ್ಬನೂ ಅಸುನೀಗಿದರು.

ಅಂತರರಾಜ್ಯ ಕೊಳವೆಯ ಸುರಕ್ಷೆ ಅಲ್ಲಿ ಒಕ್ಕೂಟ ಸರ್ಕಾರದ ಹೊಣೆ. ಪಕ್ಕದ ನೆಲದಲ್ಲಿ ಏನು ಕಟ್ಟಬಹುದೆಂಬುದು ಸ್ಥಳೀಯ ಆಡಳಿತದ ಅಧಿಕಾರ. ಹಾಗಾದರೆ ಎಷ್ಟು ಅಡಿ ಬಿಟ್ಟರೆ ಸಾಕು? ನಿವೇಶನದ ಒಡೆಯನಿಗೆ ಒಂದೊಂದು ಅಡಿಯೂ ನಷ್ಟವೇ. ಬೆಂಕಿಯಾದರೋ ಹೊಳೆಯ ಗುಂಟ ಎರಡು ಕಿಲೋಮೀಟರಿಗೂ ಮೀರಿ ಓಡಿತ್ತು. ಅಷ್ಟು ದೂರವನ್ನು ಯಾವ ಊರು ತಾನೆ ಬಿಟ್ಟೀತು? ಈ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಆದರೆ ತನಿಖೆ ತೋರಿಸಿದ ಸಂಗತಿಯೊಂದುಂಟು. 1994ರಲ್ಲಿ ಪಕ್ಕದ ನೀರು ಶುದ್ಧೀಕರಣ ಘಟಕದ ಕಾಮಗಾರಿಗಾಗಿ ನೆಲ ಅಗೆದಾಗ ಯಂತ್ರದ ಪೆಟ್ಟು ಕೊಳವೆಗೆ ತಗುಲಿತ್ತು. ಐದು ವರ್ಷಗಳ ತರುವಾಯ, ಒತ್ತಡ ಏರಿದ ದಿನ, ಆ ಗಾಯದ ಎಡೆಯಲ್ಲೇ ಅದು ಬಿರಿಯಿತು.

ಎಂದಮೇಲೆ, ಅಂತರವು ಮನೆಯನ್ನು ಕೊಳವೆಯಿಂದ ಕಾಯುವಂತೆಯೇ ಕೊಳವೆಯನ್ನು ನಮ್ಮ ಗುದ್ದಲಿಯಿಂದಲೂ ಕಾಯುತ್ತದೆ. ಅಡಿಗಳನ್ನು ಎಣಿಸುವ ಪೌರಸಭೆ ಈ ಎರಡನೆಯ ಲಾಭವನ್ನೂ ತಕ್ಕಡಿಗೆ ಹಾಕಬೇಕು. ಅಡಿಪಾಯ ತೋಡುವ ಮೊದಲು ಕೊಳವೆ ಎಲ್ಲಿದೆಯೆಂದು ವಿಚಾರಿಸುವ ಕಟ್ಟಳೆಯನ್ನೂ ವಿಧಿಸಬೇಕು. ಆ ಮೂವರ ಸಾವು ಹೇಳುವ ಪಾಠ ಇದು.