ಗೋಡೆಗೆ ಬಣ್ಣ: ಮೊದಲು ಡಬ್ಬಿ ಓದಿರಿ



ದಸರಾ ಹತ್ತಿರ ಬಂತು. ಸೊಲ್ಲಾಪುರ ಇರಲಿ, ಅಕ್ಕಲಕೋಟ ತಾಲೂಕಿನ ಹಳ್ಳಿ ಇರಲಿ, ಹಬ್ಬಕ್ಕ ಮೊದಲ ಮನೆಗೆ ಸುಣ್ಣ-ಬಣ್ಣ ಮಾಡೂದು ನಮ್ಮ ರೂಢಿ. ಈಗ ಬಹಳ ಮಂದಿ ಸುಣ್ಣ ಬಿಟ್ಟು ಡಿಸ್ಟೆಂಪರ್ ಹಚ್ಚುತ್ತಾರೆ. ಬ್ರಶ್ ಬಿಟ್ಟು ರೋಲರ್ ಹಿಡಿಯುತ್ತಾರೆ. ಇವತ್ತು ಅದರ ಬಗ್ಗೆ ನಾಲ್ಕು ಮಾತು.

ಮೊದಲು ನನ್ನ ತಪ್ಪು ಹೇಳತೀನಿ. ಒಂದು ದಸರಾಕ್ಕೆ ನಮ್ಮ ಮನೆಗೆ ನಾನೇ ಬಣ್ಣ ಹಚ್ಚಿದೆ. ಗೋಡೆಗೆ ಮೊದಲಿನ ಸುಣ್ಣ ಇತ್ತು. ಅದರ ಮ್ಯಾಲೇ ರೋಲರ್ ಓಡಿಸಿದೆ. ಎರಡು ದಿನದ ದುಡಿಮೆ. ಗೋಡೆ ಚಂದ ಕಂಡಿತು. ಸಂಕ್ರಾಂತಿಗೆ ಸಿದ್ಧರಾಮೇಶ್ವರ ಜಾತ್ರೆ ಬರುವುದರೊಳಗೆ ಬಣ್ಣ ಹಪ್ಪಳದಂತೆ ಎದ್ದು ಬಿತ್ತು. ಸುಣ್ಣವೇ ಸಡಿಲ ಇದ್ದರೆ ಅದರ ಮೇಲಿನ ಬಣ್ಣ ಹೇಗೆ ನಿಲ್ಲಬೇಕು? ಖಾಲಿ ಡಬ್ಬಿ ತಿರುಗಿಸಿ ನೋಡಿದೆ. “ಸಡಿಲ ಸುಣ್ಣ ಕೆರೆದು ತೆಗೆಯಿರಿ” ಅಂತ ಬರೆದೇ ಇತ್ತು. ನಾನು ಬಣ್ಣ ಮತ್ತು ಬೆಲೆ ಅಷ್ಟೇ ನೋಡಿದ್ದೆ.

ನಮ್ಮವ್ವ ಅಂದಳು: “ಮಂದಿಗೆ ಓದ್ರಿ ಅಂತ ಹೇಳಾಂವ ನೀ. ನೀನ ಓದಲಿಲ್ಲಲ್ಲೋ ತಮ್ಮಾ!” ಬಿ.ಎ. ಓದಿದವನಿಗೆ ಉತ್ತರ ಇರಲಿಲ್ಲ.

ಅದಕ್ಕೆ ಹೇಳುತ್ತೇನೆ. ಡಬ್ಬಿಯ ಬರಹ ಹಿಂದಿ, ಇಂಗ್ಲಿಷಿನಲ್ಲಿ ಇದ್ದರೆ ಶಾಲೆಗೆ ಹೋಗುವ ಮಕ್ಕಳ ಕಡೆಯಿಂದ ಓದಿಸಿರಿ. ಅಂಕಿಗಳನ್ನು ನೀವೇ ಓದಿರಿ.

ಲೆಕ್ಕ ಹೀಗಿದೆ. ಗೋಡೆಯ ಉದ್ದ 10 ಅಡಿ, ಎತ್ತರ 10 ಅಡಿ ಇದ್ದರೆ 100 ಚದರ ಅಡಿ. ನಾಲ್ಕು ಗೋಡೆಗೆ 400. ಬಾಗಿಲು, ಕಿಟಕಿಗೆ 40 ಕಳೆಯಿರಿ. ಉಳಿದದ್ದು 360. ಒಂದು ಕಿಲೋ ಬಣ್ಣ ಎರಡು ಸಲ ಹಚ್ಚಲು 60 ಚದರ ಅಡಿಗೆ ಸಾಕು ಅಂತ ಡಬ್ಬಿಯ ಮೇಲೆ ಇದ್ದರೆ, ನಿಮಗೆ 6 ಕಿಲೋ ಬೇಕು. ಅಂಗಡಿಯವರು 10 ಕಿಲೋ ಅಂದರೆ ಲೆಕ್ಕ ಕೇಳಿರಿ.

ರೋಲರ್ ಆರಿಸುವುದು ಕಷ್ಟವಲ್ಲ. ದೊಡ್ಡ ಗೋಡೆಗೆ 9 ಇಂಚಿನದು, ಸಣ್ಣ ಜಾಗಕ್ಕೆ 4 ಇಂಚಿನದು. ನುಣುಪು ಗೋಡೆಗೆ ಗಿಡ್ಡ ಎಳೆಯ ರೋಲರ್. ಒರಟು ಗೋಡೆಗೆ ಉದ್ದ ಎಳೆಯದು. ಕಲ್ಲು-ಮಣ್ಣಿನ ಗೋಡೆಗೆ ಸುಣ್ಣ ಹಚ್ಚುವುದಾದರೆ ಹಳೆಯ ಬ್ರಶ್ಶೇ ಮೇಲು. ಸುಣ್ಣ ತೆಳ್ಳಗಿರುತ್ತದೆ, ರೋಲರಿನಿಂದ ಸಿಡಿಯುತ್ತದೆ. ಸುಣ್ಣ ಕಣ್ಣಿಗೆ ಬಿದ್ದರೆ ತಿಕ್ಕಬೇಡಿರಿ. ಕೂಡಲೇ ಶುದ್ಧ ನೀರಿನಿಂದ 15 ನಿಮಿಷಕ್ಕಿಂತ ಕಡಿಮೆ ಇಲ್ಲದಂತೆ ತೊಳೆದು ದವಾಖಾನೆಗೆ ಹೋಗಿರಿ.

ಹಚ್ಚುವ ಕ್ರಮ ಕೇಳಿರಿ. ಸಡಿಲ ಸುಣ್ಣ ಕೆರೆಯಿರಿ, ಧೂಳು ಒರೆಸಿರಿ. ಮೊದಲು ಪ್ರೈಮರ್ ಹಚ್ಚಿ ಒಣಗಲು ಬಿಡಿರಿ. ಮೂಲೆಗಳಿಗೆ ಬ್ರಶ್ಶಿನಿಂದ ಬಣ್ಣ ಕೊಡಿರಿ. ರೋಲರನ್ನು ನೀರಿನಲ್ಲಿ ಅದ್ದಿ ಹಿಂಡಿರಿ. ಆಮೇಲೆ ಬಣ್ಣದಲ್ಲಿ ಉರುಳಿಸಿ, ಹೆಚ್ಚಿನದನ್ನು ತಟ್ಟೆಯ ಅಂಚಿಗೆ ಇಳಿಸಿರಿ. ಗೋಡೆಯ ಮೇಲೆ ಜೋರು ಒತ್ತಬೇಡಿರಿ. ಮಾಳಿಗೆಯ ಒಳಭಾಗ ಮೊದಲು, ಗೋಡೆ ಆಮೇಲೆ. ಊಟಕ್ಕೆ ಎದ್ದರೆ ರೋಲರನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡಿರಿ. ಕೆಲಸ ಮುಗಿದ ಕೂಡಲೇ ನೀರಿನಲ್ಲಿ ತೊಳೆಯಿರಿ. ಮುಂದಿನ ವರ್ಷಕ್ಕೂ ಬರುತ್ತದೆ.

ಕೊನೆಯ ಮಾತು, ಮಕ್ಕಳ ಸಲುವಾಗಿ. ಬಾಗಿಲು, ಕಿಟಕಿಗಳ ಹಳೆಯ ಎಣ್ಣೆಬಣ್ಣದಲ್ಲಿ ಸೀಸ ಇರಬಹುದು. ಸೀಸದ ಧೂಳು ಹೊಟ್ಟೆಗೆ ಹೋದರೆ ಮಕ್ಕಳ ಬುದ್ಧಿ ಬೆಳವಣಿಗೆಗೆ ಪೆಟ್ಟು. 2017ರ ನವೆಂಬರ್ 1ರಿಂದ ನಮ್ಮ ದೇಶದಲ್ಲಿ 10 ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರುವ ಮನೆಬಣ್ಣ ತಯಾರಿಸುವಂತಿಲ್ಲ. ಆದರೆ ಹಳೆಯ ಬಾಗಿಲಿನ ಬಣ್ಣ ಹಾಗೇ ಇದೆಯಲ್ಲ! ಅದನ್ನು ಒಣಗಿದ್ದಾಗ ಉಜ್ಜಬೇಡಿರಿ, ನೀರು ಹಚ್ಚಿ ಉಜ್ಜಿರಿ. ಮಕ್ಕಳನ್ನು, ಬಸುರಿಯರನ್ನು ದೂರ ಇಡಿರಿ. ಬಿದ್ದ ಚೂರುಗಳನ್ನು ಒದ್ದೆ ಬಟ್ಟೆಯಿಂದ ಬಳಿದು ತೆಗೆಯಿರಿ.

ನೀವು ಕಷ್ಟಪಟ್ಟು ಅಕ್ಷರ ಕಲಿತೀರಿ. ಅದನ್ನು ಪುಸ್ತಕದಾಗಷ್ಟೇ ಇಡಬ್ಯಾಡ್ರಿ. ಈ ಸಲ ಬಣ್ಣದ ಡಬ್ಬಿ ತಂದಾಗ, ಮುಚ್ಚಳ ತೆಗೆಯುವ ಮೊದಲು ಒಂದು ಸಲ ಓದ್ರಿ.