ಬೇಸಗೆಯಲ್ಲಿ ಬೆಳಗೊಳದ ಬೆಟ್ಟ



ಕಾಲೇಜಿನ ಅಧ್ಯಾಪಕನಿಗೆ ದೇಶಸಂಚಾರಕ್ಕೆ ಬಿಡುವು ದೊರೆಯುವುದು ಬೇಸಗೆಯಲ್ಲಿ. ನಮ್ಮ ಬಯಲುಸೀಮೆಯಲ್ಲಿ ಸಂಚಾರ ಮಾಡಬಾರದ ಕಾಲವೂ ಬೇಸಗೆಯೇ. ಈ ವಿರೋಧವನ್ನು ಪರಿಹರಿಸುವ ಶಕ್ತಿ ನನಗಿಲ್ಲ. ಮೇ ತಿಂಗಳ ಮೊದಲ ವಾರದಲ್ಲಿ ನನ್ನ ತಾಯಿಯವರನ್ನೂ ಹೆಂಡತಿಯನ್ನೂ ಹತ್ತು ವರ್ಷದ ಮಗನನ್ನೂ ಕರೆದುಕೊಂಡು ಶ್ರವಣಬೆಳಗೊಳ, ಹಳೇಬೀಡು, ಬೇಲೂರುಗಳಿಗೆ ಹೊರಟೆ. ಹೊಯ್ಸಳ ದೇವಾಲಯಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಅವನ್ನು ಮತ್ತೊಮ್ಮೆ ನೋಡದಿರುವುದು ತರವಲ್ಲವೆಂಬ ನೆವವೂ ಇದ್ದಿತು. ಮೂರನ್ನೂ ಒಂದೇ ದಿನದಲ್ಲಿ ಮುಗಿಸುವಂತೆ ವೇಳಾಪಟ್ಟಿಯೊಂದನ್ನು ಬರೆದಿದ್ದೆ. ಪರೀಕ್ಷೆಯ ವೇಳಾಪಟ್ಟಿಯ ಹಾಗೆ ಅದು ಕಾಗದದ ಮೇಲೆ ಬಹಳ ಅಂದವಾಗಿದ್ದಿತು.

ವಿಂಧ್ಯಗಿರಿಯ ಬುಡವನ್ನು ಸೇರಿದಾಗ ಗಂಟೆ ಹತ್ತೂವರೆ. ಪಾದರಕ್ಷೆಗಳನ್ನು ಕೆಳಗೆ ಬಿಟ್ಟು, ಬಂಡೆಯಲ್ಲಿ ಕಡಿದ ಆರುನೂರಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಬರಿಗಾಲಲ್ಲಿ ಹತ್ತಬೇಕು. ಆ ಸೀಮೆಯು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯ ವಾರದಲ್ಲಿ ನಡುಹಗಲಿನ ಸೂರ್ಯನು ನೆಟ್ಟಗೆ ನೆತ್ತಿಯ ಮೇಲೆ ಬರುತ್ತಾನೆ. ಮೇ ತಿಂಗಳಲ್ಲಿಯೂ ಅಲ್ಲಿಂದ ಹೆಚ್ಚು ದೂರ ಸರಿದಿರುವುದಿಲ್ಲ. ಕಗ್ಗಲ್ಲು ಆ ಬಿಸಿಯನ್ನು ಹೀರಿ ಬಹಳ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಇದೆಲ್ಲವನ್ನೂ ನಾನು ಬಲ್ಲವನೇ. ಆದರೆ ನನ್ನ ಅಂಗಾಲುಗಳಿಗೆ ಅದು ಆ ದಿನದವರೆಗೆ ತಿಳಿದಿರಲಿಲ್ಲ.

ಮೂರರಲ್ಲೊಂದು ಪಾಲು ಏರುವಷ್ಟರಲ್ಲಿ ಮಗನು ಕುಪ್ಪಳಿಸತೊಡಗಿದನು. ತಾಯಿಯವರು ಮಾತು ನಿಲ್ಲಿಸಿದರು. ಅವರು ಮಾತು ನಿಲ್ಲಿಸುವುದು ಅಪರೂಪ. ಅದನ್ನಾದರೂ ನಾನು ಗಮನಿಸಬೇಕಾಗಿದ್ದಿತು. "ಇನ್ನೇನು ಬಂತಮ್ಮ, ನೂರು ಮೆಟ್ಟಿಲು" ಎಂದೆ. ಅದು ಸುಳ್ಳೆಂದು ನನಗೆ ಗೊತ್ತಿದ್ದಿತು. ಹತ್ತಿಪ್ಪತ್ತು ಮೆಟ್ಟಿಲುಗಳಾದ ಮೇಲೆ ಅವರು ಕುಳಿತುಬಿಟ್ಟರು. ಮುಖ ಬಿಳಿಚಿಕೊಂಡು, ಕೈಗಳು ಬೆವರಿನಿಂದ ತಣ್ಣಗಾಗಿದ್ದುವು. ನೀರಿನ ಶೀಸೆಯನ್ನು ಕಾರಿನಲ್ಲಿಯೇ ಬಿಟ್ಟು ಬಂದಿದ್ದೆವು. ಇಳಿದು ಬರುತ್ತಿದ್ದ ಅಪರಿಚಿತ ದಂಪತಿಗಳು ತಮ್ಮ ನೀರನ್ನು ಕೊಟ್ಟು, ಕೊಡೆಯನ್ನು ಹಿಡಿದು ನಿಂತರು. ಡೋಲಿಯವರು ಬಂದು ಅವರನ್ನು ಕೆಳಗೆ ಇಳಿಸಿದರು. ನೆರಳಿನಲ್ಲಿ ಮಲಗಿಸಿ, ಕಾಲನ್ನು ಎತ್ತರದಲ್ಲಿಟ್ಟು, ಒದ್ದೆ ಬಟ್ಟೆಯಿಂದ ಒರಸಿ, ಉಪ್ಪು ಬೆರೆಸಿದ ಮಜ್ಜಿಗೆಯನ್ನು ಗುಟುಕುಗುಟುಕಾಗಿ ಕುಡಿಸಿದ ಮೇಲೆ ಅರ್ಧ ಗಂಟೆಯಲ್ಲಿ ಚೇತರಿಸಿಕೊಂಡರು. ಆ ಅರ್ಧ ಗಂಟೆಯಲ್ಲಿ ನಾನು ವೇಳಾಪಟ್ಟಿಯನ್ನು ನೆನೆಯಲಿಲ್ಲ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಬೆವರಿನೊಡನೆ ನೀರು ಮಾತ್ರವಲ್ಲ, ಉಪ್ಪೂ ಹೋಗುತ್ತದೆ. ವಯಸ್ಸಾದವರಿಗೆ ಬಾಯಾರಿಕೆ ತಡವಾಗಿ ತೋರುವುದರಿಂದ ಅವರು ಕೇಳುವವರೆಗೆ ಕಾಯದೆ ಕೊಡುತ್ತಿರಬೇಕು. ಮೈ ಬೆಂಕಿಯಂತೆ ಸುಟ್ಟು, ಮಾತು ತಡವರಿಸಿ, ಎಚ್ಚರ ತಪ್ಪುವಂತಾದರೆ ಅದು ಬರಿಯ ಬಳಲಿಕೆಯಲ್ಲ, ಬಿಸಿಲಿನ ಹೊಡೆತ. ಆಗ ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತ ಒಡನೆಯೇ ವೈದ್ಯರ ಬಳಿಗೆ ಸಾಗಿಸಬೇಕು. ಎಚ್ಚರವಿಲ್ಲದವರ ಬಾಯಿಗೆ ಏನನ್ನೂ ಹಾಕಬಾರದು.

ಆ ರಾತ್ರಿ ಅಲ್ಲಿಯೇ ತಂಗಿದೆವು. ಮರುದಿನ ಬೆಳಗಾಗುತ್ತಲೇ ತಾಯಿಯವರು ಡೋಲಿಯಲ್ಲಿ, ಉಳಿದವರು ದಪ್ಪ ಹತ್ತಿಯ ಕಾಲುಚೀಲಗಳಲ್ಲಿ ಬೆಟ್ಟವನ್ನೇರಿದೆವು. ಕಲ್ಲು ಇನ್ನೂ ತಂಪಾಗಿದ್ದಿತು. ಚಾವುಂಡರಾಯನು ಸುಮಾರು 981ರಲ್ಲಿ ಮಾಡಿಸಿದ ಆ 58 ಅಡಿಯ ಮೂರ್ತಿ ಉತ್ತರಾಭಿಮುಖವಾದುದು. ಚಳಿಗಾಲದಲ್ಲಿ ಸೂರ್ಯನು ದಕ್ಷಿಣಕ್ಕೆ ವಾಲಿ ಮೂರ್ತಿಯ ಬೆನ್ನ ಕಡೆಗಿರುತ್ತಾನೆ. ಮೇ ತಿಂಗಳಲ್ಲಿ ಈಶಾನ್ಯದ ಕಡೆಗೆ ಸರಿದು ಹುಟ್ಟುವುದರಿಂದ ಎಳೆಬಿಸಿಲು ಬಲಗೆನ್ನೆಯ ಮೇಲೆ ಬೀಳುತ್ತದೆ. ಬೇಸಗೆಯನ್ನು ಬೈದವನಿಗೆ ಬೇಸಗೆಯೇ ಇದನ್ನು ತೋರಿಸಿತು.

ಹಳೇಬೀಡು, ಬೇಲೂರುಗಳ ವಿಷಯ ಹೆಚ್ಚು ಹೇಳುವುದಿಲ್ಲ. ಅದನ್ನು ಬಲ್ಲವರು ಅನೇಕರಿದ್ದಾರೆ. ಅಲ್ಲಿಯೂ ಅಂಗಳದ ಹಾಸುಗಲ್ಲು ನಡುಹಗಲಿನಲ್ಲಿ ಕಾದ ಹೆಂಚು. ಹಳೇಬೀಡಿನ ಭಿತ್ತಿಯ ಸಾಲುಶಿಲ್ಪಗಳಿಗೆ ಓರೆಯ ಬೆಳಕು ಬೇಕು. ಹೊತ್ತು ಇಳಿದ ಮೇಲೆ ಪಶ್ಚಿಮದ ಮುಖವನ್ನು ನೋಡಿದರೆ ಒಂದೊಂದು ಆಭರಣವೂ ತನ್ನ ನೆರಳಿನಿಂದ ಎದ್ದು ಬರುತ್ತದೆ. ಬೇಲೂರಿನ ಮದನಿಕೆಯರು ಮಾತ್ರ ಪುಣ್ಯವಂತರು, ಮಾಡದ ಚಾಚಿನ ನೆರಳಿನಲ್ಲಿ ನಿಂತಿದ್ದಾರೆ. ಇಷ್ಟಾದ ಮೇಲೆ ಜೋಗಕ್ಕೂ ಹೋಗಿ ಬರೋಣವೆಂದು ಮಗನು ಹಟಮಾಡಿದನು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದ ಮೇಲೆ ಶರಾವತಿಯ ನೀರು ವಿದ್ಯುತ್ತಿಗಾಗಿ ನಿಲ್ಲುತ್ತದೆ; ಮೇ ತಿಂಗಳಲ್ಲಿ ಅಲ್ಲಿ ಹೆಚ್ಚಾಗಿ ಕಾಣುವುದು ಬಂಡೆ. ಮಳೆಗಾಲಕ್ಕೆ ಎಂದು ಮಾತು ಕೊಟ್ಟಿದ್ದೇನೆ.

ಊರಿಗೆ ಬಂದ ಮೇಲೆ ನೆರೆಯವರು ತಾಯಿಯವರನ್ನು ಪ್ರವಾಸದ ವಿಚಾರ ಕೇಳಿದರು. ಮೂರ್ಛೆಯ ಸುದ್ದಿಯನ್ನೇ ಅವರು ಎತ್ತಲಿಲ್ಲ. "ನಮ್ಮ ಹುಡುಗ ನೂರು ಮೆಟ್ಟಿಲು ಅಂತ ಹೇಳಿದ್ದ, ಮಾರನೇ ದಿನ ಡೋಲೀಲಿ ಕೂತು ಎಣಿಸಿದೆ" ಎಂದಷ್ಟೇ ಹೇಳಿ ನನ್ನ ಕಡೆಗೆ ನೋಡಿದರು.